ಪೋರ್ಶೆ 944 ಕೂಪೆ: ಕಡಿಮೆ ಬೆಲೆಗೆ ಸಿಕ್ಕರೆ ಕೊಳ್ಳಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿ, ಬ್ರಿಟನ್, ಅಮೆರಿಕದಲ್ಲಿ ನೆಲೆಸಿ, ಹಳೆಯ ಯುರೋಪಿಯನ್ ಕೂಪೆಯೊಂದನ್ನು (ಎರಡು ಬಾಗಿಲಿನ ಕಾರು) ಮನೆಗೆ ತರಬೇಕೆಂದು ಯೋಚಿಸುತ್ತಿರುವವರಿಗಾಗಿ ಈ ಪುಟ. ಅಂಥವರು ಜಾಹೀರಾತು ನೋಡಲು ಕೂತಾಗ ಮೊದಲ ದಿನವೇ ಕಣ್ಣಿಗೆ ಬೀಳುವ ಹೆಸರು 944.

ಪೋರ್ಶೆ ಅಂದಮೇಲೆ ಇಷ್ಟು ಕಡಿಮೆ ಬೆಲೆ ಹೇಗೆ? ಏನಾದರೂ ಐಬಿದೆಯೇ?

ಕಾರಿನಲ್ಲಿ ಐಬಿಲ್ಲ, ವಂಶಾವಳಿಯಲ್ಲಿದೆ ಎನ್ನುವವರು ಬಹಳ. ಪೋರ್ಶೆಯ ಹೆಸರಾಂತ 911ರ ಎಂಜಿನ್ ಹಿಂದೆ, ಅದಕ್ಕೆ ಆಗ ಗಾಳಿಯ ತಂಪು. 944ರ ಎಂಜಿನ್ ಮುಂದೆ, ನಾಲ್ಕೇ ಸಿಲಿಂಡರ್, ನೀರಿನ ತಂಪು. ಅದಕ್ಕೂ ಮುಂಚಿನ ಪೋರ್ಶೆ 924ರ ಹಂದರದ ಮೇಲೆ ಕಟ್ಟಿದ ಈ ಕಾರು ತಯಾರಾದದ್ದು ಪೋರ್ಶೆಯ ತವರಾದ ಝುಫನ್‌ಹೌಸನ್‌ನಲ್ಲಲ್ಲ, ನೆಕರ್ಸುಲ್ಮ್‌ನಲ್ಲಿರುವ ಆಡಿ ಕಾರ್ಖಾನೆಯಲ್ಲಿ. 911 ಭಕ್ತರು ಇದನ್ನು ಮಲಮಗುವಿನಂತೆ ಕಂಡರು. ಸಾಲದ್ದಕ್ಕೆ 1982ರಿಂದ 1991ರವರೆಗೆ ಸುಮಾರು 1,63,000 ಕಾರುಗಳು ಹೊರಬಂದವು, ಹಾಗಾಗಿ ಅಪರೂಪದ ವಸ್ತು ಎಂಬ ಬೆಲೆಯೂ ಇದಕ್ಕೆ ಹತ್ತಲಿಲ್ಲ.

ಓಡಿಸುವವರಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಆಕ್ಸಲ್ ಜೊತೆ, ನಡುವೆ ಇವೆರಡನ್ನೂ ಬಿಗಿದು ಹಿಡಿಯುವ ಟಾರ್ಕ್ ಟ್ಯೂಬ್. ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿರುವುದರಿಂದ ತಿರುವಿನಲ್ಲಿ ಕಾರು ಹೆದರಿಸುವುದಿಲ್ಲ.

ಆದರೆ ಬಿಡಿಭಾಗ, ಕೂಲಿ ಎಲ್ಲವೂ ಪೋರ್ಶೆ ದರದಲ್ಲೇ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಕೈಬಿಟ್ಟ 944 ಕೊಂಡವರಿಗೆ ಆರು ತಿಂಗಳಲ್ಲಿ ಅರ್ಥವಾಗುತ್ತದೆ.

ಇಷ್ಟೊಂದು ಮಾದರಿಗಳಲ್ಲಿ ಯಾವುದನ್ನು ಹುಡುಕಬೇಕು?

ಮೊದಲ ಸಲ ಕೊಳ್ಳುವವರು 2.5 ಲೀಟರಿನ ಎಂಟು ವಾಲ್ವ್ ಕಾರನ್ನೇ ನೋಡಿ. ಯುರೋಪಿನಲ್ಲಿ ಅದರ ಶಕ್ತಿ 163 ಪಿಎಸ್ (ಯುರೋಪಿನ ಅಶ್ವಶಕ್ತಿ ಮಾನ). ಅಮೆರಿಕಕ್ಕೆ ಹೋದ ಮೊದಲ ಕಾರುಗಳಲ್ಲಿ 143 ಅಶ್ವಶಕ್ತಿ, ಅವು ಸ್ವಲ್ಪ ಮಂದ. 1985ರ ಮಧ್ಯದಲ್ಲಿ ಡ್ಯಾಶ್‌ಬೋರ್ಡ್ ಬದಲಾಯಿತು. ಅದಕ್ಕೂ ಹಿಂದಿನ ಚೌಕ ಡ್ಯಾಶ್‌ಬೋರ್ಡಿನ ಕಾರುಗಳಿಗೆ ಅವುಗಳದ್ದೇ ಅಭಿಮಾನಿಗಳಿದ್ದಾರೆ, ಆದರೆ ದಿನಬಳಕೆಗೆ ನಂತರದವು ಹಿತ.

1989ರ ಮಾದರಿ ವರ್ಷಕ್ಕೆ ಮಾತ್ರ ಬಂದ 2.7 ಲೀಟರ್, 165 ಪಿಎಸ್ ಕಾರನ್ನು ಜಾಹೀರಾತಿನಲ್ಲಿ ಯಾರೂ ಎತ್ತಿ ಹೇಳುವುದಿಲ್ಲ. ಸಿಕ್ಕರೆ ಬಿಡಬೇಡಿ: ಹಳೆಯ ಸರಳ ವಿನ್ಯಾಸವೇ, ಎಳೆತ ಮಾತ್ರ ಹೆಚ್ಚು. 1989ರಿಂದ 91ರ ಎಸ್2ಗೆ 3.0 ಲೀಟರ್, 16 ವಾಲ್ವ್, 211 ಪಿಎಸ್. ರಸ್ತೆಯ ಮೇಲೆ ಈ ಸಾಲಿನಲ್ಲೇ ಅತ್ಯಂತ ಸೊಗಸಾದದ್ದು ಅದೇ. ಅದಕ್ಕೂ ಮುಂಚಿನ 190 ಪಿಎಸ್‌ನ 944 ಎಸ್ ಬಗ್ಗೆ ನಮಗೆ ಅಷ್ಟು ಮಮತೆ ಇಲ್ಲ. 16 ವಾಲ್ವಿನ ತಲೆನೋವು ಪೂರ್ತಿ ಇದೆ, ಎಸ್2ನ ಎಳೆತ ಇಲ್ಲ. ಮೂರು ಗೇರಿನ ಆಟೋಮ್ಯಾಟಿಕ್ ಕಾರು ಎಷ್ಟೇ ಚೆನ್ನಾಗಿದ್ದರೂ ಮುಂದೆ ಮಾರುವಾಗ ಕೊಳ್ಳುವವರು ಸಿಗುವುದು ಕಷ್ಟ.

ಟೈಮಿಂಗ್ ಬೆಲ್ಟ್ ಬಗ್ಗೆ ಎಲ್ಲರೂ ಯಾಕಿಷ್ಟು ಹೆದರಿಸುತ್ತಾರೆ?

ಹೆದರಬೇಕಾದದ್ದೇ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಅಥವಾ ಹಲ್ಲು ಜಾರಿದರೆ ತೆರೆದ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ವಾಲ್ವ್ ಬಾಗಿತೆಂದರೆ ಸಿಲಿಂಡರ್ ಹೆಡ್ ಬಿಚ್ಚಲೇಬೇಕು. ಕಾರಿನ ಬೆಲೆಯ ದೊಡ್ಡ ಪಾಲು ಆ ಒಂದು ರಿಪೇರಿಗೇ ಹೋಗುತ್ತದೆ.

ಬೆಲ್ಟ್ ಒಂದಲ್ಲ, ಎರಡು. ಮೊದಲನೆಯದು ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ತಿರುಗಿಸುತ್ತದೆ. ಎರಡನೆಯದು ಬ್ಯಾಲೆನ್ಸ್ ಶಾಫ್ಟ್‌ಗಳದ್ದು. 2.5 ಲೀಟರಿನಷ್ಟು ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ ಸಹಜವಾಗಿ ನಡುಗುತ್ತದೆ, ಆ ನಡುಕ ಕೊಲ್ಲಲು ಮಿತ್ಸುಬಿಷಿಯಿಂದ ಪರವಾನಗಿ ಪಡೆದು ಎರಡು ಬ್ಯಾಲೆನ್ಸ್ ಶಾಫ್ಟ್ ಅಳವಡಿಸಿದರು. ಅವುಗಳಲ್ಲಿ ಒಂದು ಉಲ್ಟಾ ತಿರುಗಬೇಕಾದ್ದರಿಂದ ಈ ಬೆಲ್ಟಿಗೆ ಎರಡೂ ಬದಿ ಹಲ್ಲು. ಈ ಎರಡನೆಯ ಬೆಲ್ಟ್ ಹರಿದರೆ ಎಂಜಿನ್ ಬರೀ ನಡುಗುತ್ತದೆ ಅಷ್ಟೇ ಎಂದು ಸಮಾಧಾನ ಹೇಳುವವರಿದ್ದಾರೆ, ನಂಬಬೇಡಿ. ಹರಿದ ತುಂಡು ಮೊದಲ ಬೆಲ್ಟಿಗೆ ಸಿಕ್ಕಿ ಅದನ್ನೂ ಕೆಡವಬಹುದು.

ನಾಲ್ಕು ವರ್ಷ ಅಥವಾ 50,000 ಕಿ.ಮೀ., ಯಾವುದು ಮೊದಲೋ ಆಗ ಎರಡೂ ಬೆಲ್ಟ್ ಬದಲಿಸಿ. ಕಾರು ಗ್ಯಾರೇಜಿನಲ್ಲೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಆದ್ದರಿಂದ "ವರ್ಷಕ್ಕೆ 500 ಕಿ.ಮೀ. ಮಾತ್ರ ಓಡಿಸಿದ್ದು" ಎನ್ನುವುದು ಬೆಲ್ಟಿನ ಪರವಾದ ವಾದವಲ್ಲ. ಬೆಲ್ಟ್ ಜೊತೆಗೇ ರೋಲರ್‌ಗಳು, ವಾಟರ್ ಪಂಪ್, ಮುಂದಿನ ಕ್ರ್ಯಾಂಕ್, ಕ್ಯಾಮ್ ಮತ್ತು ಬ್ಯಾಲೆನ್ಸ್ ಶಾಫ್ಟ್‌ಗಳ ಆಯಿಲ್ ಸೀಲ್ ಬದಲಾಗಬೇಕು. ಸೀಲ್ ಬಿಟ್ಟರೆ ಹೊಸ ಬೆಲ್ಟಿನ ಮೇಲೆ ಎಣ್ಣೆ ಜಿನುಗುತ್ತದೆ, ವಾಟರ್ ಪಂಪ್ ಬಿಟ್ಟರೆ ಅದರ ಬೇರಿಂಗ್ ಹೋದ ದಿನ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಬಿಗುವನ್ನು ಕೈಯಿಂದ ಒತ್ತಿ ಅಂದಾಜು ಮಾಡುವ ಮೆಕ್ಯಾನಿಕ್ ಬೇಡ, ಅದಕ್ಕೆ ಪಿ9201 ಎಂಬ ಅಳತೆಯ ಉಪಕರಣವೇ ಇದೆ. 1987ಕ್ಕಿಂತ ಹಿಂದಿನ ಕಾರುಗಳಲ್ಲಿ ಸ್ಪ್ರಿಂಗ್ ಟೆನ್ಷನರ್ ಇಲ್ಲ. ಅವುಗಳಲ್ಲಿ ಹೊಸ ಬೆಲ್ಟ್ ಸುಮಾರು 2,000 ಕಿ.ಮೀ. ಓಡಿದ ಮೇಲೆ ಬಿಗುವನ್ನು ಮತ್ತೆ ನೋಡಬೇಕು.

ಬೆಲ್ಟ್ ಹಾಕಿಸಿದ್ದೇನೆ ಎನ್ನುತ್ತಾರೆ, ರಸೀದಿ ಇಲ್ಲ. ಏನು ಮಾಡಲಿ?

ಹಾಕಿಸಿಲ್ಲ ಎಂದೇ ಲೆಕ್ಕ ಹಿಡಿಯಿರಿ. ರಸೀದಿಯಲ್ಲಿ ದಿನಾಂಕ, ಕಿ.ಮೀ., ಭಾಗಗಳ ಪಟ್ಟಿ ಮೂರೂ ಇರಬೇಕು.

16 ವಾಲ್ವ್ ಕಾರುಗಳಲ್ಲಿ ಇನ್ನೇನು ನೋಡಬೇಕು?

ಎಸ್ ಮತ್ತು ಎಸ್2ಗಳಲ್ಲಿ ಬೆಲ್ಟ್ ಒಂದು ಕ್ಯಾಮ್‌ಶಾಫ್ಟನ್ನು ಮಾತ್ರ ತಿರುಗಿಸುತ್ತದೆ. ಅಲ್ಲಿಂದ ಇನ್ನೊಂದಕ್ಕೆ ಗತಿ ಹೋಗುವುದು ಹೆಡ್ ಒಳಗಿನ ಒಂದು ಚಿಕ್ಕ ಚೈನಿನಿಂದ. ಆ ಚೈನನ್ನು ಒತ್ತಿ ಹಿಡಿಯುವ ಟೆನ್ಷನರಿನ ಪ್ಲಾಸ್ಟಿಕ್ ಪ್ಯಾಡ್ ವಯಸ್ಸಾದಂತೆ ಕಂದಾಗುತ್ತದೆ, ಗಡುಸಾಗಿ ಬಿರುಕು ಬಿಟ್ಟು ಕೊನೆಗೆ ಮುರಿಯುತ್ತದೆ. ಚೈನ್ ಹಲ್ಲು ಹಾರಿದರೆ ಕ್ಯಾಮ್‌ಶಾಫ್ಟ್‌ಗಳೂ ವಾಲ್ವ್‌ಗಳೂ ಒಟ್ಟಿಗೆ ಹೋಗುತ್ತವೆ. ಪ್ಯಾಡ್ ಬೆಲೆ ಅದರ ಮುಂದೆ ಏನೇನೂ ಅಲ್ಲ. ಕ್ಯಾಮ್ ಕವರ್ ಬಿಚ್ಚಿ ನೋಡಿದ ದಾಖಲೆ ಇಲ್ಲದ ಎಸ್2ಗೆ ಪೂರ್ತಿ ಬೆಲೆ ಕೊಡಬೇಡಿ.

ಕ್ಲಚ್ ದುಬಾರಿ ಎನ್ನುತ್ತಾರೆ, ನಿಜವೇ?

ಕ್ಲಚ್ ಪ್ಲೇಟಿಗಿಂತ ಅದರ ಹತ್ತಿರ ಹೋಗುವ ದಾರಿ ದುಬಾರಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಟ್ಯೂಬ್ ಇರುವುದರಿಂದ ಸೈಲೆನ್ಸರ್ ಸಾಲು ಇಳಿಸಬೇಕು, ಗೇರ್‌ಬಾಕ್ಸ್ ಸಡಿಲಿಸಬೇಕು, ಟ್ಯೂಬನ್ನು ಹಿಂದಕ್ಕೆ ಸರಿಸಬೇಕು. ಪಳಗಿದ ಕೈಗೂ 10ರಿಂದ 15 ಗಂಟೆಯ ಕೆಲಸ.

ಮೂಲ ಕ್ಲಚ್ ಪ್ಲೇಟಿನ ನಡುವೆ ಸ್ಪ್ರಿಂಗ್ ಬದಲು ರಬ್ಬರ್ ಇತ್ತು. ಅದು ಹರಿದಾಗ ಮುನ್ಸೂಚನೆ ಕಡಿಮೆ: ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಹಿಂದುಗಡೆ ಟಕ್ ಎಂಬ ಸದ್ದು, ಆಮೇಲೊಂದು ದಿನ ಗೇರ್ ಹಾಕಿದರೂ ಕಾರು ಮುಂದೆ ಹೋಗದು. ಬದಲಿಸುವುದಾದರೆ ಸ್ಪ್ರಿಂಗ್ ಇರುವ ಪ್ಲೇಟನ್ನೇ ಹಾಕಿಸಿ. ಎಲ್ಲ ಬಿಚ್ಚಿರುವಾಗಲೇ ಟಾರ್ಕ್ ಟ್ಯೂಬಿನ ಬೇರಿಂಗ್, ಹಿಂದಿನ ಕ್ರ್ಯಾಂಕ್ ಸೀಲ್ ಮತ್ತು ಫ್ಲೈವೀಲ್ ಬಳಿಯ ಎರಡು ಸೆನ್ಸರ್‌ಗಳನ್ನು ಮುಗಿಸಿಬಿಡಿ. ಸೆನ್ಸರ್ ಮತ್ತು ಫ್ಲೈವೀಲ್ ನಡುವಿನ ಅಂತರ 0.8 ಮಿ.ಮೀ. ಇರಬೇಕು. ಅದು ತಪ್ಪಿದರೆ ಹೊಸ ಕ್ಲಚ್ ಹಾಕಿದ ಕಾರು ಸ್ಟಾರ್ಟೇ ಆಗದೆ ಕೂರುತ್ತದೆ.

ಎಂಜಿನ್ನಿನ ಸ್ಥಿತಿ ನಾನೇ ಎಷ್ಟರ ಮಟ್ಟಿಗೆ ತಿಳಿಯಬಹುದು?

ತಣ್ಣಗಿರುವಾಗ ನೋಡಬೇಕೆಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮರೆಮಾಚಲು ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ.

ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ಬಿಳಿ ಬಟ್ಟೆಯ ತುದಿ ಅದ್ದಿ. ಬಟ್ಟೆಗೆ ಕಾಫಿಗೆ ಹಾಲು ಬೆರೆತಂಥ ಕೆನೆಬಣ್ಣದ ಜಿಡ್ಡು ಹತ್ತಿದರೆ ಎಣ್ಣೆ ಮತ್ತು ನೀರು ಕೂಡಿಕೊಂಡಿವೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಎಲ್ಲರೂ ತೀರ್ಪು ಕೊಡುತ್ತಾರೆ, ಆದರೆ 944ರಲ್ಲಿ ಎಂಜಿನ್ ಬದಿಗೇ ಕೂರುವ ಆಯಿಲ್ ಕೂಲರಿನ ಸೀಲ್‌ಗಳು ಸವೆದಿರುವ ಸಾಧ್ಯತೆಯೂ ಅಷ್ಟೇ ಇದೆ. ಆ ಸೀಲ್ ಕೆಲಸ ಹೆಡ್ ಕೆಲಸಕ್ಕಿಂತ ಬಹಳ ಅಗ್ಗ. ಯಾವುದೆಂದು ಖಚಿತವಾಗದೆ ಚೌಕಾಸಿಗೆ ಇಳಿಯಬೇಡಿ.

ಸ್ಟಾರ್ಟ್ ಆದ ಮೇಲೆ ಆಯಿಲ್ ಪ್ರೆಷರ್ ಮೀಟರ್ ನೋಡಿ. ತಣ್ಣಗಿರುವಾಗ 4ರಿಂದ 5 ಬಾರ್ ತೋರಿಸುತ್ತದೆ. ಅರ್ಧ ಗಂಟೆ ಓಡಿಸಿ ಪೂರ್ತಿ ಬಿಸಿಯಾದ ಮೇಲೆ, ನಿಂತಲ್ಲೇ ಎಂಜಿನ್ ಓಡುವ ಐಡಲ್‌ನಲ್ಲಿ 2 ಬಾರ್ ಆಸುಪಾಸು ಇರಬೇಕು, ವೇಗದಲ್ಲಿ 4ರ ಹತ್ತಿರ. ಬಿಸಿ ಐಡಲ್‌ನಲ್ಲಿ 1.5ಕ್ಕಿಂತ ಕೆಳಗಿಳಿದರೆ ಮೊದಲು ಬೇರೆ ಗೇಜ್ ಹಾಕಿ ಅಳೆಯಿಸಿ. ಅಲ್ಲೂ ಅಷ್ಟೇ ಬಂದರೆ ಬೇರಿಂಗ್ ಸವೆದಿರಬಹುದು. ರೇಸ್ ಟ್ರ್ಯಾಕಿನಲ್ಲಿ ಓಡಿದ ಕಾರುಗಳಲ್ಲಿ ಎರಡನೆಯ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಮೊದಲು ಹೋಗುವುದು ಹೆಸರುವಾಸಿ. ಉದ್ದ ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿದು ಅದಕ್ಕೆ ಸಿಗದೆ ಹೋಗುವುದೇ ಕಾರಣ.

ಐಡಲ್‌ನಲ್ಲಿ ಸ್ಟಿಯರಿಂಗ್ ಕೈಯಲ್ಲಿ ನಡುಗಿದರೆ ಎಂಜಿನ್ನನ್ನು ಹೊತ್ತಿರುವ ಮೌಂಟ್ ಕುಸಿದಿದೆ. ಇದರ ಮೌಂಟ್ ಒಳಗೆ ದ್ರವ ತುಂಬಿರುತ್ತದೆ. ಎಕ್ಸಾಸ್ಟ್ ಬದಿಯದ್ದು ಶಾಖಕ್ಕೆ ಬೇಗ ಸೋರಿಹೋಗುತ್ತದೆ, ಬದಲಿಸುವಾಗ ಎರಡನ್ನೂ ಬದಲಿಸಿ.

ಸಿಲಿಂಡರಿನೊಳಗೆ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆಗೆ ದುಡ್ಡು ಕೊಡಲು ಹಿಂಜರಿಯಬೇಡಿ. ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬ್ಲಾಕ್ ಹೆಚ್ಚು ಸಿಲಿಕಾನ್ ಇರುವ ಅಲ್ಯೂಮಿನಿಯಮ್ಮಿನದು, ಒಳಗೆ ಕಬ್ಬಿಣದ ಲೈನರ್ ಇಲ್ಲ. ಗೀರು ಬಿದ್ದ ಸಿಲಿಂಡರನ್ನು ಬೀದಿ ಕೊನೆಯ ವರ್ಕ್‌ಶಾಪಿನಲ್ಲಿ ಕೊರೆಸಿ ಸರಿಮಾಡಿಸಲಾಗದು, ಆ ಲೋಹದ ವಿಧಾನ ಗೊತ್ತಿರುವವರೇ ಬೇಕು.

ಕಾರಿನ ಮೈಗೆ ಸತುವಿನ ಲೇಪ ಇದೆಯಲ್ಲ, ತುಕ್ಕಿನ ಚಿಂತೆ ಯಾಕೆ?

ಲೇಪ ಇರುವುದರಿಂದಲೇ ಇಷ್ಟು ಕಾರುಗಳು ಉಳಿದಿವೆ. ಆದರೂ ಅದು ಅಮೃತವಲ್ಲ. ಬಾಗಿಲ ಕೆಳಗಿನ ಸಿಲ್‌ಗಳ ಹಿಂತುದಿ, ಹಿಂದಿನ ಚಕ್ರದ ಮುಂಭಾಗ, ಜಾಕ್ ಕೊಡುವ ಜಾಗ, ಇವುಗಳನ್ನು ಬೆರಳಿನಿಂದ ಒತ್ತಿ ನೋಡಿ. ರಸ್ತೆಗೆ ಉಪ್ಪು ಸುರಿಯುವ ಊರಿನ ಕಾರಾದರೆ ಸಿಲ್ ಕವರ್ ತೆಗೆಸಿಯೇ ನೋಡಿ. ತೆಳು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಸವರಿದರೆ ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಹಿಂದೆ ಅಪಘಾತವಾಗಿ ತಗಡು ಬೆಸೆದಿದ್ದರೆ ಅಲ್ಲಿ ಸತುವಿನ ರಕ್ಷಣೆ ಉಳಿದಿರುವುದಿಲ್ಲ.

ಬ್ಯಾಟರಿ ಎಂಜಿನ್ ಕೋಣೆಯ ಹಿಂಭಾಗದಲ್ಲಿರುವ ಕಾರುಗಳಲ್ಲಿ ಅದನ್ನು ಎತ್ತಿಸಿ ತಟ್ಟೆಯನ್ನು ನೋಡಿ. ಸೋರಿದ ಆಸಿಡ್ ತಟ್ಟೆಯನ್ನು ತಿಂದು ತೂತು ಮಾಡುತ್ತದೆ, ಮಳೆನೀರು ಅದರ ಮೂಲಕ ನೇರ ಕಾಲಿಡುವ ಜಾಗಕ್ಕೆ ಇಳಿಯುತ್ತದೆ. ಮ್ಯಾಟ್ ಎತ್ತಿ ಕೈಯಿಂದ ಒತ್ತಿ ನೋಡಿ. ಒದ್ದೆಯಿದ್ದು ವಾಸನೆ ಬಂದರೆ ಒಳಗಿನ ವೈರಿಂಗ್ ಬಗ್ಗೆಯೂ ಅನುಮಾನಿಸಿ.

ಹಿಂದಿನ ದೊಡ್ಡ ಗಾಜಿನ ಬಾಗಿಲು ಇನ್ನೊಂದು ಕಾಟ. ಗಾಜು ಲೋಹದ ಚೌಕಟ್ಟಿಗೆ ಅಂಟಿನಿಂದ ಕೂತಿರುತ್ತದೆ. ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಒತ್ತುವಾಗಲೆಲ್ಲ ಅಂಟು ಒಂದಿಷ್ಟು ಬಿಡುತ್ತದೆ. ಬಾಗಿಲನ್ನು ಅರ್ಧ ಎತ್ತಿ ಗಾಜಿನ ಅಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಗಾಜಿಗೂ ಚೌಕಟ್ಟಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಅಂಟಿಸಬೇಕು. ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತ ಕಲೆ ಇದ್ದರೆ ಅದು ಬಂದದ್ದು ಹೆಚ್ಚಾಗಿ ಇಲ್ಲಿಂದಲೇ.

ಮೀಟರ್ 90,000 ಕಿ.ಮೀ. ತೋರಿಸುತ್ತಿದೆ. ನಂಬಬಹುದೇ?

ಕಾಗದ ಇದ್ದರೆ ಮಾತ್ರ. ಕಿಲೋಮೀಟರ್ ಎಣಿಸುವ ಪುಟಾಣಿ ಪ್ಲಾಸ್ಟಿಕ್ ಗೇರ್ ವಯಸ್ಸಿಗೆ ಪುಡಿಯಾಗುತ್ತದೆ. ಸ್ಪೀಡ್ ತೋರಿಸುವ ಮುಳ್ಳು ಸರಿಯಾಗಿ ಆಡುತ್ತಲೇ ಇರುತ್ತದೆ, ಅಂಕಿ ಮಾತ್ರ ನಿಂತಿರುತ್ತದೆ. ಓಡಿಸಿ ನೋಡುವಾಗ ಹೊರಡುವ ಮುಂಚೆ ಅಂಕಿ ಬರೆದುಕೊಳ್ಳಿ, ಹತ್ತು ಕಿ.ಮೀ. ಬಿಟ್ಟು ಮತ್ತೆ ನೋಡಿ. ಹಳೆಯ ಸರ್ವಿಸ್ ಬಿಲ್ಲುಗಳು, ಜರ್ಮನಿಯಲ್ಲಾದರೆ ಎರಡು ವರ್ಷಕ್ಕೊಮ್ಮೆಯ ತಪಾಸಣಾ ವರದಿಗಳು, ಬ್ರಿಟನ್ನಿನಲ್ಲಾದರೆ ಎಂಒಟಿ (ವಾರ್ಷಿಕ ತಪಾಸಣೆ) ಇತಿಹಾಸ, ಇವುಗಳಲ್ಲಿರುವ ಅಂಕಿಗಳನ್ನು ವರ್ಷವಾರು ಜೋಡಿಸಿ.

ಷಾಸಿ ಸಂಖ್ಯೆಯಿಂದ ಏನು ತಿಳಿಯುತ್ತದೆ?

ಹದಿನೇಳು ಅಕ್ಷರಗಳಲ್ಲಿ ಏಳನೆಯ ಮತ್ತು ಎಂಟನೆಯದು 94 ಇದ್ದರೆ ಟರ್ಬೊ (ಹೊಗೆಯ ಒತ್ತಡದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಕಾರು, 95 ಇದ್ದರೆ ಟರ್ಬೊ. ಹತ್ತನೆಯದು ಮಾದರಿ ವರ್ಷ: ಎಫ್ ಅಂದರೆ 1985, ಜಿ 86, ಎಚ್ 87, ಜೆ 88, ಕೆ 89, ಎಲ್ 90, ಎಂ 91. ಹನ್ನೊಂದನೆಯ ಎನ್ ನೆಕರ್ಸುಲ್ಮ್‌ನ ಗುರುತು. ಕಾರ್ಖಾನೆಯಲ್ಲೇ ಹಾಕಿದ ಸೌಕರ್ಯಗಳ ಸಂಕೇತಗಳು ಸರ್ವಿಸ್ ಪುಸ್ತಕದ ಚೀಟಿಯಲ್ಲಿರುತ್ತವೆ. ಎಂ030 ಅಂದರೆ ಸ್ಪೋರ್ಟ್ ಸಸ್ಪೆನ್ಷನ್, ಎಂ220 ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ಗೇರು), 1988ರ ಎಂ758 ಅಂದರೆ 250 ಪಿಎಸ್‌ನ ಟರ್ಬೊ ಎಸ್. ಕೊನೆಯದನ್ನು ಬಾಯಿಮಾತಿನಲ್ಲಿ ಹೇಳಿ ಹೆಚ್ಚು ಬೆಲೆ ಕೇಳುವವರಿದ್ದಾರೆ, ಚೀಟಿ ತೋರಿಸಲು ಹೇಳಿ.

ಟರ್ಬೊ ಕೊಳ್ಳುವುದು ಹೆಚ್ಚು ಲಾಭವಲ್ಲವೇ?

ಬೆಲೆ ಮೇಲೇರುವುದು ಅದರದ್ದೇ ಮೊದಲು, ಹಾಗಾಗಿ ಕಡಿಮೆ ಬೆಲೆಯ ಕಾರು ಎಂಬ ಮಾತು ಅದಕ್ಕೆ ಈಗ ಅಷ್ಟಾಗಿ ಸಲ್ಲದು. ಮೊದಲಿನವು 220 ಪಿಎಸ್, 1989ರಿಂದ ಎಲ್ಲವೂ 250. ಬೂಸ್ಟ್, ಅಂದರೆ ತುಂಬುವ ಗಾಳಿಯ ಒತ್ತಡ, ಹೆಚ್ಚಿಸುವ ಚಿಪ್ ಹಾಕಿದ ಟರ್ಬೊಗಳೇ ಬಹಳ. ಅವುಗಳಲ್ಲಿ ಹೆಡ್ ಗ್ಯಾಸ್ಕೆಟ್ ಬೇಗ ಸೋಲುತ್ತದೆ. ಏನನ್ನೂ ಬದಲಿಸದ, ಬಿಲ್ಲುಗಳ ಕಟ್ಟಿನೊಂದಿಗೆ ಬಂದ ಟರ್ಬೊ ಸಿಕ್ಕರೆ ಯೋಚಿಸಿ.

ಬಿಡಿಭಾಗ ಸಿಗುತ್ತವೆಯೇ?

ಯಾಂತ್ರಿಕ ಭಾಗಗಳು ಬಹುಪಾಲು ಸಿಗುತ್ತವೆ. ಪೋರ್ಶೆ ಕ್ಲಾಸಿಕ್ ವಿಭಾಗವೂ ಕೊಡುತ್ತದೆ, ಹೊರಗಿನ ತಯಾರಕರೂ ಇದ್ದಾರೆ. 1985ರ ಮಧ್ಯದ ನಂತರದ ಕಾರುಗಳ ಅಲ್ಯೂಮಿನಿಯಂ ಕಂಟ್ರೋಲ್ ಆರ್ಮ್‌ನಲ್ಲಿ ಬಾಲ್ ಜಾಯಿಂಟ್ ಸವೆದರೆ ಇಡೀ ಆರ್ಮ್ ಕೊಳ್ಳಬೇಕೆಂಬುದು ಕಂಪನಿಯ ನಿಲುವು. ಹೊರಗಿನ ಕಿಟ್ ಹಾಕಿ ಹಳೆಯದನ್ನೇ ಉಳಿಸಿಕೊಳ್ಳುವ ದಾರಿಯೂ ಇದೆ.

ಕಷ್ಟವಿರುವುದು ಕಾರಿನ ಒಳಗೆ. ಬಿರುಕು ಬಿಡದ ಡ್ಯಾಶ್‌ಬೋರ್ಡ್, ಆಯಾ ವರ್ಷದ ವಿನ್ಯಾಸದ ಸೀಟು ಬಟ್ಟೆ ಹುಡುಕುವುದರಲ್ಲಿ ತಿಂಗಳುಗಳು ಹೋಗುತ್ತವೆ. ಆದ್ದರಿಂದ ಎರಡು ಕಾರುಗಳ ನಡುವೆ ಆಯ್ಕೆ ಬಂದರೆ ಒಳಾಂಗಣ ಮತ್ತು ಬಾಡಿ ಚೆನ್ನಾಗಿದ್ದು ಎಂಜಿನ್ ಕೆಲಸ ಬಾಕಿಯಿರುವುದನ್ನು ಆರಿಸಿ. ಹೊಸ ಬಣ್ಣ ಹೊಡೆಸಿ ಹಳೇ ಬೆಲ್ಟಿನಲ್ಲೇ ಮಾರುವ ಕಾರು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಹಾಗಾದರೆ ನ್ಯಾಯವಾದ ಬೆಲೆ ಎಷ್ಟು?

ಚೊಕ್ಕ ಕಾರಿನ ಮಾರುಕಟ್ಟೆ ಬೆಲೆಯಿಂದ ಬಾಕಿ ಕೆಲಸದ ಖರ್ಚು ಕಳೆಯಿರಿ. ಲೆಕ್ಕ ತೋರಿಸಲು ಹಿಡಿದ ಅಂಕಿಗಳಿವು, ದರಪಟ್ಟಿಯಲ್ಲ: ಒಂದು ಕಾರು 12,000 ಯೂರೋ, ದಾಖಲೆ ಇಲ್ಲ. ಇನ್ನೊಂದು 18,000, ಎಲ್ಲ ಬಿಲ್ ಇವೆ. ಮೊದಲನೆಯದಕ್ಕೆ ಬೆಲ್ಟ್, ಪಂಪ್, ಸೀಲ್‌ಗಳಿಗೆ 1,500, ಕ್ಲಚ್ ಮತ್ತು ಟಾರ್ಕ್ ಟ್ಯೂಬಿಗೆ 3,000, ಮೌಂಟ್, ಪೆಟ್ರೋಲ್ ಪೈಪು, ಟೈರಿಗೆ 1,500, ಸಸ್ಪೆನ್ಷನ್ನಿಗೆ 1,500 ಸೇರಿಸಿ. 19,500 ಆಯಿತು. ಅದರ ಮೇಲೆ ಕಾರು ಗ್ಯಾರೇಜಿನಲ್ಲಿ ಬಿದ್ದಿರುವ ತಿಂಗಳುಗಳು, ಬಿಚ್ಚಿದಾಗ ಹೊರಬೀಳುವ ಹೊಸ ರೋಗಗಳು. ಅಗ್ಗದ ಕಾರು ಕೈ ಕಚ್ಚುವುದು ಹೀಗೆ.

ಜರ್ಮನಿಯಲ್ಲಿ ಹಳೆಯ ಕಾರುಗಳಿಗೆ 1ರಿಂದ 5ರವರೆಗೆ ಸ್ಥಿತಿಯ ಅಂಕ ಕೊಡುತ್ತಾರೆ, 1 ಅತ್ಯುತ್ತಮ. ಮಾರುವವರು 2 ಎನ್ನುವ ಕಾರು ಬಹುತೇಕ 3 ಆಗಿರುತ್ತದೆ. ಮಾರುವವರ ಜೊತೆ ಸಂಬಂಧವಿಲ್ಲದ ತಜ್ಞರಿಂದ ಮೌಲ್ಯಮಾಪನ ಮಾಡಿಸಿದರೆ ಮುಂದೆ ವಿಮೆಗೂ ಅದೇ ಕಾಗದ ಬರುತ್ತದೆ.

ತೆರಿಗೆ, ನೋಂದಣಿಯಲ್ಲಿ ಹಳೆಯ ಕಾರಿಗೆ ರಿಯಾಯಿತಿ ಉಂಟೇ?

ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಕಾರಿಗೆ ಎಚ್ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ವರ್ಷದ ತೆರಿಗೆ ಸುಮಾರು 191 ಯೂರೋ, ನಗರಗಳ ಮಾಲಿನ್ಯ ನಿಯಂತ್ರಣ ವಲಯದೊಳಗೂ ಹೋಗಬಹುದು. ಆ ಕಾಲದ್ದಲ್ಲದ ಚಕ್ರ, ಬಾಡಿ ಕಿಟ್ ಹಾಕಿದ್ದರೆ ಅರ್ಹತೆಗೆ ಕುತ್ತು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಮೇಲೆ ರಸ್ತೆ ತೆರಿಗೆ ವಿನಾಯಿತಿ. ಅಮೆರಿಕದ 25 ವರ್ಷದ ಆಮದು ನಿಯಮವನ್ನು ಎಲ್ಲ 944ಗಳೂ ದಾಟಿವೆ. ಕ್ಯಾಲಿಫೋರ್ನಿಯಾದವರು ಮಾತ್ರ ಜೋಪಾನ: 1976 ಮತ್ತು ನಂತರದ ಕಾರುಗಳಿಗೆ ಹೊಗೆ ತಪಾಸಣೆ ಇದೆ. ಪ್ರಮಾಣಪತ್ರ ಕೈಗೆ ಬರದೆ ಹಣ ಕೊಡಬೇಡಿ.

ಕೊಂಡು ಬೆಂಗಳೂರಿಗೆ ತರಬಹುದೇ?

ಇಲ್ಲ. ಸಾಮಾನ್ಯ ನಿಯಮದಂತೆ ಭಾರತಕ್ಕೆ ತರುವ ಬಳಸಿದ ಕಾರು 3 ವರ್ಷಕ್ಕಿಂತ ಹಳೆಯದಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಅಲ್ಲಿದ್ದಷ್ಟು ದಿನ ಓಡಿಸಿ, ಊರಿಗೆ ಮರಳುವಾಗ ಮಾರುವ ಲೆಕ್ಕದಲ್ಲೇ ಕೊಳ್ಳಿ.

ಕೊಂಡ ಮೊದಲ ವಾರ ಏನು ಮಾಡಬೇಕು?

ಪೆಟ್ರೋಲ್ ಪೈಪುಗಳನ್ನು ಮೊದಲು. ಎಂಜಿನ್ನಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯೂಯೆಲ್ ರೈಲಿಗೆ ಹೋಗುವ ಹಳೆಯ ರಬ್ಬರ್ ಪೈಪು ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಬೆಂಕಿ. ದಿನಾಂಕ ಗೊತ್ತಿಲ್ಲದ ಪೈಪು ಒಂದೂ ಉಳಿಯಬಾರದು. ಆಮೇಲೆ ಎಂಜಿನ್ ಆಯಿಲ್, ಬ್ರೇಕ್ ಫ್ಲೂಯಿಡ್, ಕೂಲೆಂಟ್. ಕೂಲೆಂಟ್ ತುಂಬುವಾಗ ಮೇಲಿನ ಸ್ಕ್ರೂ ಸಡಿಲಿಸಿ ಒಳಗಿನ ಗಾಳಿ ಪೂರ್ತಿ ಬಿಡಿ, ಇಲ್ಲದಿದ್ದರೆ ಹೆಡ್ ಬಿಸಿಯಾಗುತ್ತದೆ.

ಜೊತೆಗೆ ಡಿಎಂಇ ರಿಲೇ ಎಂಬ ಪುಟ್ಟ ಪೆಟ್ಟಿಗೆಯನ್ನು ಹೊಸದು ತನ್ನಿ. ಪೆಟ್ರೋಲ್ ಪಂಪಿಗೂ ಎಂಜಿನ್ ಕಂಪ್ಯೂಟರಿಗೂ ಕರೆಂಟ್ ಹೋಗುವುದು ಅದರಿಂದ. ಒಳಗಿನ ಬೆಸುಗೆ ಬಿರುಕು ಬಿಟ್ಟಾಗ, ಅದೂ ಬಿಸಿಲಿನಲ್ಲಿ ನಿಲ್ಲಿಸಿ ಬಂದ ಮೇಲೆ, ಸ್ಟಾರ್ಟರ್ ತಿರುಗಿದರೂ ಎಂಜಿನ್ ಹತ್ತುವುದಿಲ್ಲ. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳು ಮಿಸುಕಿದರೆ ಕಂಪ್ಯೂಟರ್, ಸೆನ್ಸರ್ ಎರಡೂ ಜೀವಂತ, ಪೆಟ್ರೋಲ್ ಕಡೆ ನೋಡಿ. ಮಿಸುಕದಿದ್ದರೆ ಮೊದಲು ರಿಲೇ ಬದಲಿಸಿ, ಆಮೇಲೆ ಫ್ಲೈವೀಲ್ ಸೆನ್ಸರ್. ಹೊಸ ರಿಲೇ ಹಾಕಿ, ಇನ್ನೂ ಕೆಲಸ ಮಾಡುತ್ತಿರುವ ಹಳೆಯದನ್ನು ಎಸೆಯದೆ ಗ್ಲೋವ್ ಬಾಕ್ಸಿನಲ್ಲಿಡಿ.